ಬಭ್ರುವಾಹನ ಯಾರ ಭಾರತದವನು? ಕೊಡಗಿನ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಂಪಾಜೆಯ ನಮ್ಮ ಊರಿನಲ್ಲಿ ಈಚೆಗೆ 'ಬಭ್ರುವಾಹನ ಕಾಳಗ' ತಾಳಮದ್ದಳೆ, ಎಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲಿಯೇ ನಡೆಸುವ ಯಕ್ಷಗಾನ, ನಡೆಯಿತು. ಮನೆಗೆ ಬಂದ ಮೇಲೆ ಕಾಲೇಜಿನಲ್ಲಿ ಓದುತ್ತಿರುವ ಮಗಳು ವ್ಯಾಸ ಭಾರತದ ಗದ್ಯಾನುವಾದವನ್ನು ತೆಗೆದು ನೋಡಿದಳು. ಅರ್ಜುನ ತನ್ನ ಮಗ ಬಭ್ರುವಾಹನನನ್ನು ಕಾಲಿನಿಂದ ಒದೆಯುವುದಾಗಲಿ, ಕೃಷ್ಣ ಬಂದು ಅರ್ಜುನನನ್ನು ಬದುಕಿಸುವುದಾಗಲಿ ಅದರಲ್ಲಿ ಇಲ್ಲ. ಇದೆಲ್ಲ ಸಿನಿಮಾದಿಂದ ಬಂದ ಸೇರ್ಪಡೆಯೇ? ಹಾಗೆಯೇ, ಪಂಪ, ರನ್ನ, ಕುಮಾರವ್ಯಾಸರಂಥ ಕವಿಗಳು ಹುಟ್ಟದ ಕೊಡಗಿಗೂ ಆ ಕಾಲದ ಕನ್ನಡ ಸಾಹಿತ್ಯಕ್ಕೂ ನಂಟೇನಾದರೂ ಇದೆಯೇ? ಮಗಳು ಪ್ರಬಂಧಕ್ಕೆ ಇದನ್ನೇ ವಿಷಯವಾಗಿ ಆರಿಸಿಕೊಂಡಿದ್ದಾಳೆ.

ಉತ್ತರ: ಸಿನಿಮಾದ ಸೇರ್ಪಡೆ ಖಂಡಿತ ಅಲ್ಲ. ನೀವು ಅಂದು ಕೇಳಿದ್ದು ಜೈಮಿನಿ ಭಾರತದ ಕಥೆ, ನಿಮ್ಮ ಮಗಳು ತೆಗೆದು ನೋಡಿದ್ದು ವ್ಯಾಸ ಭಾರತದ ಕಥೆ. ಎರಡನ್ನೂ ನಾವು ಬಾಯಿಮಾತಿನಲ್ಲಿ 'ಭಾರತ' ಎಂದೇ ಕರೆಯುವುದರಿಂದ ಈ ಗೊಂದಲ ಹುಟ್ಟುತ್ತದೆ. ಜೈಮಿನಿಯ ಹೆಸರಿನಲ್ಲಿ ಸಂಸ್ಕೃತದಲ್ಲಿ ಪ್ರಸಿದ್ಧವಾಗಿರುವ ಅಶ್ವಮೇಧ ಪರ್ವದ ಕಥೆಯನ್ನು, ಸಾಮಾನ್ಯವಾಗಿ 16ನೆಯ ಶತಮಾನದವನೆಂದು ಹೇಳಲಾಗುವ ಲಕ್ಷ್ಮೀಶ ಕವಿ ವಾರ್ಧಕ ಷಟ್ಪದಿಯಲ್ಲಿ 34 ಸಂಧಿಗಳ ಕನ್ನಡ ಕಾವ್ಯವಾಗಿ ಬರೆದ. ಚಿಕ್ಕಮಗಳೂರು ಜಿಲ್ಲೆಯ ಕಡೂರು ಕಡೆಯ ದೇವನೂರು ಅವನ ಊರು.

ಕನ್ನಡಿಗರ ನೆನಪಿನಲ್ಲಿ ಅಶ್ವಮೇಧದ ಕಥೆಗೆ ವ್ಯಾಸರ ಪಾಠಕ್ಕಿಂತ ಲಕ್ಷ್ಮೀಶನ ಪಾಠವೇ ಏಕೆ ನೆಲೆನಿಂತಿತು ಎಂಬುದಕ್ಕೆ ಒಂದು ಕಾರಣವನ್ನು ಸಾಹಿತ್ಯದ ಚರಿತ್ರೆಯಲ್ಲಿಯೇ ಕಾಣಬಹುದು. 15ನೆಯ ಶತಮಾನದಲ್ಲಿ ಗದುಗಿನ ನಾರಣಪ್ಪ, ಎಂದರೆ ಕುಮಾರವ್ಯಾಸ, ತನ್ನ ಭಾರತವನ್ನು ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರ್ತಿಗೊಳಿಸಿದನಾದರೂ ಆ ಭಾಗ ಜನರ ನಾಲಗೆಯ ಮೇಲೆ ಕುಮಾರವ್ಯಾಸನಷ್ಟು ನಿಲ್ಲಲಿಲ್ಲ. ಹೀಗಾಗಿ ಯುದ್ಧ ಮುಗಿಯುವವರೆಗಿನ ಭಾರತಕ್ಕೆ ಕುಮಾರವ್ಯಾಸ, ಯುದ್ಧದ ಅನಂತರದ ಅಶ್ವಮೇಧದ ಕುದುರೆಯ ಕಥೆಗಳಿಗೆ ಲಕ್ಷ್ಮೀಶ ಎಂಬ ಒಂದು ಹಂಚಿಕೆ ಯಾರೂ ಕುಳಿತು ತೀರ್ಮಾನಿಸದೆಯೇ ಏರ್ಪಟ್ಟಿತು. ಯಕ್ಷಗಾನದ ಪ್ರಸಂಗಗಳ ಪಟ್ಟಿಯನ್ನು ನೋಡಿದರೆ ಇದು ಎದ್ದು ಕಾಣುತ್ತದೆ. ಸುಧನ್ವ, ತಾಮ್ರಧ್ವಜ, ಚಂದ್ರಹಾಸ, ಪ್ರಮೀಳೆ ಈ ನಾಲ್ವರ ಕಥೆಗಳೂ ಜೈಮಿನಿಯ ಅಶ್ವಮೇಧದವು, ವ್ಯಾಸರ ಅಶ್ವಮೇಧದಲ್ಲಿ ಇವರನ್ನು ಹುಡುಕಿದರೆ ಸಿಗುವುದಿಲ್ಲ. ಬಭ್ರುವಾಹನ ಮಾತ್ರ ಎರಡರಲ್ಲಿಯೂ ಇದ್ದಾನೆ. ಆದ್ದರಿಂದಲೇ ಯಾವ ಕಥೆ ಯಾವ ದಾರಿಯಿಂದ ಬಂತು ಎಂದು ಪತ್ತೆಹಚ್ಚಲು ಅವನಷ್ಟು ಒಳ್ಳೆಯ ಪಾತ್ರ ಇನ್ನೊಂದಿಲ್ಲ.

ಎರಡು ಪಾಠಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ. ವ್ಯಾಸ ಭಾರತದಲ್ಲಿ ಮಣಿಪುರದ ಬಭ್ರುವಾಹನ ತಂದೆ ಬಂದಿರುವುದನ್ನು ತಿಳಿದು ವಿನಯದಿಂದ ಎದುರುಗೊಳ್ಳುತ್ತಾನೆ. ಯುದ್ಧಕ್ಕೆ ಬಂದವನನ್ನು ಕಾಣಿಕೆ ಹಿಡಿದು ಎದುರುಗೊಂಡದ್ದು ಕ್ಷತ್ರಿಯನಿಗೆ ತಕ್ಕದ್ದಲ್ಲವೆಂದು ಅರ್ಜುನ ಅವನನ್ನು ಜರೆಯುತ್ತಾನೆ. ಆಗ ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿ ಭೂಮಿಯನ್ನು ಸೀಳಿಕೊಂಡು ಬಂದು ಯುದ್ಧಕ್ಕೆ ಹುರಿದುಂಬಿಸುತ್ತಾಳೆ. ಅರ್ಜುನ ಮಗನ ಬಾಣಕ್ಕೆ ಬೀಳುತ್ತಾನೆ, ಉಲೂಪಿಯೇ ನಾಗಲೋಕದ ಮಣಿಯಿಂದ ಅವನನ್ನು ಎಬ್ಬಿಸುತ್ತಾಳೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಭೀಷ್ಮರನ್ನು ಕೆಡವಿದ ಪಾಪಕ್ಕೆ ವಸುಗಳು ಕೊಟ್ಟ ಶಾಪವೇ ಇದಕ್ಕೆಲ್ಲ ಕಾರಣವೆಂದು ಅವಳು ವಿವರಿಸುತ್ತಾಳೆ. ಅಲ್ಲಿಗೆ ಪ್ರಕರಣ ಮುಗಿಯಿತು. ಅದರಲ್ಲಿ ಒದೆತವಿಲ್ಲ, ಕೃಷ್ಣನ ಪ್ರವೇಶವೂ ಇಲ್ಲ.

ಜೈಮಿನಿಯ ಪಾಠದಲ್ಲಿ ಅರ್ಜುನ ಮಗನನ್ನು ಜರೆಯುವುದಷ್ಟೇ ಅಲ್ಲ, ಅವನ ಹುಟ್ಟನ್ನೇ ಪ್ರಶ್ನಿಸುತ್ತಾನೆ, ಕಾಲಿಗೆರಗಿದವನನ್ನು ಒದೆಯುತ್ತಾನೆ. ತಾಯಿಗೆ ಕಳಂಕ ಹಚ್ಚಿದ ಮಾತಿಗೆ ಮಗ ಬಿಲ್ಲೆತ್ತುತ್ತಾನೆ, ಎಂದರೆ ಯುದ್ಧದ ಕಾರಣವೇ ಬದಲಾಗಿಬಿಟ್ಟಿದೆ. ಶಾಪದ ಕಥೆಯೂ ಬೇರೆ: ಮಾಹಿಷ್ಮತಿಯ ನೀಲಧ್ವಜನ ಹೆಂಡತಿ ಜ್ವಾಲೆ ತನ್ನ ಗಂಡ ಅರ್ಜುನನಿಗೆ ಮಣಿದುದನ್ನು ಸಹಿಸದೆ, ಗಂಗೆಯ ಬಾಯಿಂದ ಅರ್ಜುನನಿಗೆ ಶಾಪ ಕೊಡಿಸಿ, ತಾನು ಬೆಂಕಿಗೆ ಬಿದ್ದು ಬಭ್ರುವಾಹನನ ಬತ್ತಳಿಕೆಯಲ್ಲಿ ಬಾಣವಾಗುತ್ತಾಳೆ. ಕರ್ಣನ ಮಗ ವೃಷಕೇತು ಅರ್ಜುನನ ಜೊತೆಗಿದ್ದು ಅದೇ ಕಾಳಗದಲ್ಲಿ ಮಡಿಯುತ್ತಾನೆ. ಅರ್ಜುನನ ತಲೆ ಕತ್ತರಿಸಿಹೋಗುತ್ತದೆ, ಮಣಿಗಾಗಿ ಬಭ್ರುವಾಹನ ನಾಗರೊಡನೆ ಕಾದಬೇಕಾಗುತ್ತದೆ, ಆ ನಡುವೆ ತಲೆಯೇ ಕಳುವಾಗುತ್ತದೆ. ಕೊನೆಗೆ ಕೃಷ್ಣ ಬಂದು ಎಲ್ಲವನ್ನೂ ನೇರ್ಪಡಿಸುತ್ತಾನೆ. ನಿಮ್ಮೂರಿನ ಅರ್ಥಧಾರಿಗಳು, ಎಂದರೆ ಪಾತ್ರವಾಗಿ ಮಾತನಾಡುವವರು, ಒದೆತವನ್ನು ಹೇಳಿ, ಕೃಷ್ಣನನ್ನು ಕರೆಸಿದ್ದರೆ ಅವರು ನಿಂತಿದ್ದು ಜೈಮಿನಿಯ ನೆಲದ ಮೇಲೆ. ವೃಷಕೇತುವಿನ ಹೆಸರೂ ಬಂದಿತ್ತೇ ಎಂದು ನೆನಪಿಸಿಕೊಂಡು ನೋಡಿ. ಬಂದಿದ್ದರೆ ಮತ್ತೆ ಅನುಮಾನಕ್ಕೆ ಎಡೆಯೇ ಇಲ್ಲ.

ಇನ್ನೊಂದು ಸ್ವಾರಸ್ಯವಿದೆ. ತಂದೆಯ ಮೇಲೆ ಮಗ ಬಾಣ ಬಿಡುವುದುಂಟೇ ಎಂಬ ಶಂಕೆಗೆ ಉತ್ತರವಾಗಿ, ಇದೇ ಪ್ರಕರಣದ ಒಳಗೆ ರಾಮ ಮತ್ತು ಕುಶಲವರ ಕಾಳಗದ ಕಥೆ ಬರುತ್ತದೆ. ಸೀತಾ ಪರಿತ್ಯಾಗದ ಭಾಗ ಬರುವುದು ಅದರಲ್ಲಿಯೇ. ಕನ್ನಡ ಶಾಲೆಯಲ್ಲಿ ಓದಿದ ಹಲವರಿಗೆ ಸೀತೆ ಕಾಡಿನಲ್ಲಿ ಒಂಟಿಯಾಗಿ ನಿಲ್ಲುವ ಸಂದರ್ಭ ನೆನಪಾಗುವುದು ರಾಮಾಯಣದ ಯಾವ ಪುಸ್ತಕದಿಂದಲೂ ಅಲ್ಲ, ಪಠ್ಯದಲ್ಲಿದ್ದ ಲಕ್ಷ್ಮೀಶನ ಪದ್ಯಗಳಿಂದ. ರಾಮಕಥೆಯ ಅತಿ ಕರುಣಾಜನಕ ಭಾಗ ನಮ್ಮಲ್ಲಿ ಮನೆಮಾತಾದುದು ಒಂದು ಭಾರತದ ಮೂಲಕ ಎಂಬುದನ್ನು ನಿಮ್ಮ ಮಗಳು ಪ್ರಬಂಧದಲ್ಲಿ ಬರೆದರೆ ಅವಳ ಅಧ್ಯಾಪಕರು ಬಹುಶಃ ಮೆಚ್ಚುತ್ತಾರೆ.

ಈಗ ತಾಳಮದ್ದಳೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ಉಳಿದಿರುವುದು ಕಥೆ ಮಾತ್ರವಲ್ಲ, ಪದ್ಯದ ಕಟ್ಟೂ ಉಳಿದಿದೆ. ಪದ್ಯ ಹಾಡುವ ಭಾಗವತರ ಮುಂದಿರುವ ಪ್ರಸಂಗ ಪುಸ್ತಕವನ್ನು ಒಮ್ಮೆ ಕೇಳಿ ಪಡೆದು ತೆರೆದು ನೋಡಿ. ಪದ್ಯಗಳ ತಲೆಯ ಮೇಲೆ ರಾಗ, ತಾಳಗಳ ಹೆಸರಿನ ಜೊತೆಗೆ ಅಲ್ಲಲ್ಲಿ 'ಭಾಮಿನಿ', 'ವಾರ್ಧಕ' ಎಂಬ ಶೀರ್ಷಿಕೆಗಳು ಸಿಗುತ್ತವೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿ ಮತ್ತು ಲಕ್ಷ್ಮೀಶ ಬಳಸಿದ ವಾರ್ಧಕ ಷಟ್ಪದಿ ಇವೇ. ಆರು ಸಾಲಿನ ಈ ಪದ್ಯಗಳಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಸಮನಾಗಿದ್ದು, ಮೂರನೆಯದೂ ಆರನೆಯದೂ ಉಳಿದವುಗಳ ಒಂದೂವರೆಯಷ್ಟಿದ್ದು ಕೊನೆಯಲ್ಲೊಂದು ಗುರು ಇರುತ್ತದೆ. ಭಾಮಿನಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬಂದು ಚಿಕ್ಕ ಸಾಲಿಗೆ 14 ಮಾತ್ರೆ, ದೊಡ್ಡ ಸಾಲಿಗೆ 23 ಮಾತ್ರೆ ಆಗುತ್ತವೆ. ವಾರ್ಧಕದಲ್ಲಿ ಐದೈದು ಮಾತ್ರೆಯ ಗಣಗಳು ಬಂದು 20 ಮತ್ತು 32 ಆಗುತ್ತವೆ. ವೇಷ ಕಟ್ಟಿ ಕುಣಿಯುವ ಆಟದಲ್ಲಿಯೂ ತಾಳಮದ್ದಳೆಯ ಕೂಟದಲ್ಲಿಯೂ ಭಾಗವತರು ಇವನ್ನು ಸಾಮಾನ್ಯವಾಗಿ ತಾಳವಿಲ್ಲದೆ, ಕಥೆಯ ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟುವಾಗ ಹಾಡುತ್ತಾರೆ. ಚೆಂಡೆ ಮದ್ದಳೆಗಳು ಸುಮ್ಮನಾಗಿ ಕಂಠವೊಂದೇ ಕೇಳಿಸುವ ಆ ಹೊತ್ತಿನಲ್ಲಿ ನೀವು ಕೇಳುತ್ತಿರುವ ನಡೆಯನ್ನು ಕಾವ್ಯಕ್ಕೆ ಗಟ್ಟಿಯಾಗಿ ಒಗ್ಗಿಸಿಕೊಟ್ಟವನು 13ನೆಯ ಶತಮಾನದ ರಾಘವಾಂಕ. ಹರಿಶ್ಚಂದ್ರನ ಕಥೆಯನ್ನು ವಾರ್ಧಕದಲ್ಲಿ ಬರೆದವನೂ ಅವನೇ.

ಅರ್ಥಗಾರಿಕೆಯ ಮಾತು ಬೇರೆ. ಪದ್ಯ ಕಟ್ಟಿಟ್ಟದ್ದು, ಅರ್ಥ ಆ ಕ್ಷಣದ್ದು. ಒಳ್ಳೆಯ ಅರ್ಥಧಾರಿ ವ್ಯಾಸ ಭಾರತವನ್ನೂ ಓದಿಕೊಂಡಿರುತ್ತಾನೆ, ಎದುರು ಕುಳಿತವನ ಪ್ರಶ್ನೆಗೆ ಉತ್ತರಿಸುವಾಗ ಭೀಷ್ಮವಧೆಯ ಶಾಪವನ್ನೂ ಜ್ವಾಲೆಯ ಬಾಣವನ್ನೂ ಒಂದೇ ಉಸಿರಿನಲ್ಲಿ ಹೆಣೆದುಬಿಡಬಲ್ಲ. ಇದನ್ನು ಕಲಬೆರಕೆ ಎಂದು ಮೂಗು ಮುರಿಯುವ ಪಂಡಿತರನ್ನು ಕಂಡಿದ್ದೇನೆ. ಆದರೆ ಲಕ್ಷ್ಮೀಶನೂ ತನಗಿಂತ ಹಿಂದಿನವರ ವಿಷಯದಲ್ಲಿ ಇದನ್ನೇ ಮಾಡಿದವನು. ಅವನಿಗಿದ್ದ ಹಕ್ಕು ಕೂಟದಲ್ಲಿ ಕುಳಿತವನಿಗೆ ಇಲ್ಲವೆನ್ನುವುದು ನ್ಯಾಯವಲ್ಲ.

ಸಿನಿಮಾ ಈ ಸಾಲಿನಲ್ಲಿ ಕೊನೆಗೆ ಬಂದದ್ದು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ 'ಬಭ್ರುವಾಹನ' ತೆರೆಗೆ ಬಂದದ್ದು 1977ರಲ್ಲಿ. ಅರ್ಜುನನೂ ಬಭ್ರುವಾಹನನೂ ಆಗಿ ರಾಜ್‌ಕುಮಾರ್ ಒಬ್ಬರೇ ನಟಿಸಿದರು. ತಂದೆ ಮಗ ಇಬ್ಬರೂ ಒಬ್ಬರನ್ನೊಬ್ಬರು ಹಳಿಯುತ್ತ ಹಾಡುವ ಆ ಪ್ರಸಿದ್ಧ ಹಾಡಿನಲ್ಲಿ ಇರುವುದು ಯಕ್ಷಗಾನದವರು ಚೆನ್ನಾಗಿ ಬಲ್ಲ ಏಟು-ಎದುರೇಟಿನ ಜಾಡು. ರಾಘವಾಂಕನ ಕಾಲದಿಂದ ಕನ್ನಡಿಗರಿಗೆ ಪರಿಚಿತವಾದ 'ಸತ್ಯ ಹರಿಶ್ಚಂದ್ರ'ನನ್ನು 1965ರಲ್ಲಿ ತೆರೆಗೆ ತಂದವರೂ ಇದೇ ನಿರ್ದೇಶಕರು, ನಾಯಕರೂ ಇದೇ ನಟರು. ಸಿನಿಮಾದಿಂದ ಯಕ್ಷಗಾನಕ್ಕೆ ಒಂದೆರಡು ಮಾತಿನ ವರಸೆಗಳು ಹಿಂದಕ್ಕೆ ಹರಿದಿರಬಹುದು. ಆದರೆ ಕಥೆಯ ಹಂದರ ಮಾತ್ರ ಸಿನಿಮಾ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ನಿಂತಿತ್ತು.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದದ್ದು. ದೊಡ್ಡ ಕವಿ ಹುಟ್ಟಿದ ಊರುಗಳಿಗೆ ಮಾತ್ರ ಸಾಹಿತ್ಯದ ಚರಿತ್ರೆ ಇರುತ್ತದೆಂಬ ಎಣಿಕೆ ನಮ್ಮ ಪಠ್ಯಪುಸ್ತಕಗಳು ಬೆಳೆಸಿದ್ದು. ಓದಿದ, ಓದಿಸಿದ, ಬರೆಯಿಸಿದ, ಅಚ್ಚು ಹಾಕಿಸಿದ ಜಾಗಗಳಿಗೂ ಚರಿತ್ರೆ ಇದೆ. ಆ ದೃಷ್ಟಿಯಿಂದ ನೋಡಿದರೆ ಕೊಡಗಿನ ಪಾಲು ಸಣ್ಣದಲ್ಲ.

ಬಿಳಿಯೂರಿನ ಶಾಸನ 888ರ ಸುಮಾರಿನದು, ಪೆಗ್ಗೂರಿನದು 978ರ ಸುಮಾರಿನದು. ಗಂಗರ ಕಾಲದ ಈ ಎರಡೂ ಹಳಗನ್ನಡದವು, ಎಂದರೆ ಪಂಪನಿಗಿಂತ ಮೊದಲೂ ರನ್ನನ ಕಾಲದ ಹೊತ್ತಿಗೂ ಈ ನೆಲದಲ್ಲಿ ಕನ್ನಡದಲ್ಲಿ ಬರೆದು ಕಲ್ಲಿಗೆ ಹಾಕಿಸುವ ಪದ್ಧತಿ ಇತ್ತು. ಸೋಮವಾರಪೇಟೆ ತಾಲೂಕಿನ ಮುಳ್ಳೂರಿನ ಬಸದಿಗಳಲ್ಲಿ ಆ ಸೀಮೆಯನ್ನು ಆಳಿದ ಕೊಂಗಾಳ್ವರ 11ನೆಯ ಶತಮಾನದ ಶಾಸನಗಳಿವೆ. ಕರ್ನಾಟಕದ ಶಾಸನಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯಲ್ಲಿ ಬಿ.ಎಲ್. ರೈಸ್ ಅವರು 1886ರಲ್ಲಿ ಹೊರತಂದ ಮೊಟ್ಟಮೊದಲ ಸಂಪುಟ ಕೊಡಗಿನದೇ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ನೆನಪಿಟ್ಟುಕೊಂಡಿದ್ದಾರೋ ಕಾಣೆ.

ಕೊಂಗಾಳ್ವರ ನೆರೆಯವರಾದ ಚೆಂಗಾಳ್ವರು ಕೊಡಗಿನ ಪೂರ್ವ ಭಾಗವನ್ನೂ ಅದಕ್ಕೆ ತಗುಲಿದ ಪಿರಿಯಾಪಟ್ಟಣ, ಹುಣಸೂರು ಸೀಮೆಯನ್ನೂ ಆಳಿದವರು. ಕುಶಾಲನಗರದ ಬಳಿಯ ನಂಜರಾಯಪಟ್ಟಣ ಅವರ ರಾಜಧಾನಿಗಳಲ್ಲಿ ಒಂದು. ಅವರ ಸಚಿವರ ಮನೆತನದಲ್ಲಿ ಹುಟ್ಟಿದ, ಕಲ್ಲಹಳ್ಳಿಯ ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ 'ಜಯನೃಪ ಕಾವ್ಯ', 'ನೇಮಿಜಿನೇಶ ಸಂಗತಿ', 'ಸಮ್ಯಕ್ತ್ವ ಕೌಮುದಿ' ಮೊದಲಾದವನ್ನು ಬರೆದ. ಅವನ ಹೆಸರಿನಲ್ಲಿ ಈಗ ಹೆಚ್ಚು ಚಲಾವಣೆಯಲ್ಲಿರುವುದು ಕಾವ್ಯವಲ್ಲ, 'ಸೂಪಶಾಸ್ತ್ರ'. ಹಿಟ್ಟಿನ ತಿಂಡಿ, ಪಾನಕ, ಬದನೆ, ಬಾಳೆ, ಹಲಸುಗಳ ಅಡುಗೆಯನ್ನು ಷಟ್ಪದಿಯಲ್ಲಿ ಹೇಳುವ ಪುಸ್ತಕ ಅದು. ಹಳೆಯ ಅಡುಗೆಗಳನ್ನು ಮತ್ತೆ ಮಾಡಿ ನೋಡುವ ಆಸಕ್ತಿ ಇರುವವರು ಇಂದು ಅದನ್ನು ಹುಡುಕಿ ಓದುತ್ತಿದ್ದಾರೆ. ಮಂಗರಸ ಜೈನ, ಪುಸ್ತಕ ಪೂರ್ತಿ ಸಸ್ಯಾಹಾರದ್ದು, ಆದ್ದರಿಂದ ಹಂದಿಮಾಂಸದ ಪಂದಿಕರಿಯ ಮೂಲವನ್ನು ಅದರಲ್ಲಿ ಹುಡುಕಲು ಹೋಗಬೇಡಿ.

ಅನಂತರ ಹಾಲೇರಿ ಅರಸರು. ಸುಮಾರು 1600ರಿಂದ 1834ರವರೆಗೆ ಆಳಿದ ಈ ವೀರಶೈವ ಮನೆತನದ ಆಡಳಿತ ಭಾಷೆ ಕನ್ನಡವಾಗಿತ್ತು. 1681ರಲ್ಲಿ ರಾಜಧಾನಿ ಮಡಿಕೇರಿಗೆ ಬಂತು. ದೊಡ್ಡವೀರರಾಜೇಂದ್ರ 1808ರಲ್ಲಿ ಬರೆಯಿಸಿದ 'ರಾಜೇಂದ್ರನಾಮೆ' 1633ರಿಂದ 1807ರವರೆಗಿನ ಮನೆತನದ ವೃತ್ತಾಂತ. ಅದು ಇಂಗ್ಲಿಷಿಗೂ ಅನುವಾದವಾಯಿತು. ಅದನ್ನು ಮಧ್ಯಕಾಲದ ಸಾಹಿತ್ಯವೆಂದು ಕರೆಯಲಾಗದು, ಅದರ ಗದ್ಯ ವ್ಯವಹಾರದ ಗದ್ಯ. ಆದರೂ ಅರಸನ ಶೌರ್ಯ, ಭಕ್ತಿ, ದಾನಗಳನ್ನು ಎತ್ತಿ ಹೇಳುವಾಗ ಹಳೆಯ ಚರಿತೆಗಳ ಒಕ್ಕಣೆ ಅದರಲ್ಲಿ ಇಣುಕುತ್ತದೆ. ಮಾಸ್ತಿಯವರು ಈ ಮನೆತನದ ಕೊನೆಯ ಅರಸನನ್ನು ಕುರಿತು 1956ರಲ್ಲಿ 'ಚಿಕವೀರ ರಾಜೇಂದ್ರ' ಕಾದಂಬರಿ ಬರೆದರು. ಕೊಡಗಿನ ಅರಸರೆಂದರೆ ಹೊರಗಿನ ಓದುಗರಿಗೆ ಇಂದು ಮೊದಲು ನೆನಪಾಗುವುದು ಆ ಪುಸ್ತಕವೇ, ಅರಸರು ತಾವೇ ಬರೆಯಿಸಿದ್ದಲ್ಲ.

ಅಚ್ಚಿನ ವಿಷಯದಲ್ಲಿ ಕೊಡಗಿಗೆ ಸಂಬಂಧಪಟ್ಟ ಒಬ್ಬರನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಆರಂಭಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1848ರಿಂದ ಹಳೆಯ ಕನ್ನಡ ಕೃತಿಗಳನ್ನು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಹೊರತಂದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಆ ಮಾಲೆಯಲ್ಲಿದ್ದವು. ಓಲೆಗರಿಯ ಕಟ್ಟುಗಳಲ್ಲಿ, ಮನೆತನಗಳ ಮತ್ತು ಮಠಗಳ ಸುಪರ್ದಿನಲ್ಲಿ ಇದ್ದ ಕಾವ್ಯ ಹೀಗೆ ಕೈಯಿಂದ ಕೈಗೆ ಹೋಗುವ ಪುಸ್ತಕವಾಯಿತು. ಅದೇ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ಕೆಲವು ವರ್ಷ ನೆಲೆಸಿ, ಆನಂದಪುರದ ನೆಲೆಯನ್ನು ಕಟ್ಟಿ, 1855ರಲ್ಲಿ ಕೊಡಗನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಲಕ್ಷ್ಮೀಶನನ್ನು ಅಚ್ಚಿಗೆ ತಂದ ಉಪಕಾರವನ್ನೂ ಅಲ್ಲಗಳೆಯಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಏಕೆಂದರೆ ಉತ್ಸಾಹದಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಕೊಡಗಿನಲ್ಲಿ ಹಳೆಯದಾಗಿ ಕೇಳುವುದೆಲ್ಲ ಮಧ್ಯಕಾಲದ ಕನ್ನಡ ಕಾವ್ಯದ ಪ್ರತಿಧ್ವನಿಯಲ್ಲ. ಕೊಡವರ ದುಡಿಕೊಟ್ಟ್ ಪಾಟನ್ನೇ ನೋಡಿ. ನಾಲ್ವರು ದುಡಿ ಎಂಬ ಚಿಕ್ಕ ಚರ್ಮವಾದ್ಯ ಹಿಡಿದು, ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಮರಳಿ ಹಾಡುತ್ತ, ಮದುವೆಗೂ ಸಾವಿಗೂ ಸುಗ್ಗಿಯ ಹಬ್ಬವಾದ ಪುತ್ತರಿಗೂ ಬೇರೆ ಬೇರೆಯಾಗಿ ಹೇಳುವ ಆ ಪದಗಳಿಗೆ ಷಟ್ಪದಿಯ ಲೆಕ್ಕ ಹೊಂದುವುದಿಲ್ಲ. ಅದು ಕೊಡವರ ಭಾಷೆಯಾದ ಕೊಡವ ತಕ್ಕಿನ ಸ್ವಂತ ಸಂಪ್ರದಾಯ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಪದಗಳನ್ನು ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಪ್ರಕಟಿಸಿದರು. ಲಿಪಿ ಕನ್ನಡದ್ದು ಎಂದ ಮಾತ್ರಕ್ಕೆ ಸಂಪ್ರದಾಯವೂ ಕನ್ನಡ ಕಾವ್ಯದ್ದೇ ಎಂದು ಬರೆದರೆ ಕೊಡವರಿಗೆ ಸಲ್ಲಬೇಕಾದದ್ದನ್ನು ಕಸಿದುಕೊಂಡಂತೆ.

ಎರಡೂ ಹೊಳೆಗಳು ಸೇರುವ ಜಾಗ ಬೇಕಿದ್ದರೆ ಹರದಾಸ ಅಪ್ಪಚ್ಚ ಕವಿಯನ್ನು ನೋಡಬೇಕು. 1868ರಲ್ಲಿ ಹುಟ್ಟಿದ ಈತ 1906ರಲ್ಲಿ 'ಯಯಾತಿ ರಾಜಂಡ ನಾಟಕ'ದಿಂದ ಆರಂಭಿಸಿ ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿಯರ ಕಥೆಗಳನ್ನು ಕೊಡವ ತಕ್ಕಿನಲ್ಲಿ ನಾಟಕವಾಗಿಸಿದ. ಕನ್ನಡದಲ್ಲಿ ಕಾವ್ಯ, ಹರಿಕಥೆ, ಕಂಪನಿ ನಾಟಕಗಳ ಮೂಲಕ ಹರಿಯುತ್ತಿದ್ದ ಪುರಾಣಪ್ರಪಂಚವನ್ನು ತನ್ನ ಜನರ ಮಾತಿಗೆ ತಿರುಗಿಸಿದವನು ಆತ. ಲಕ್ಷ್ಮೀಶ ಸಂಸ್ಕೃತದ ಜೈಮಿನಿಗೆ ಮಾಡಿದ್ದೂ ಇಂಥದೇ ಕೆಲಸ, ಆದ್ದರಿಂದ ನಿಮ್ಮ ಮಗಳ ಪ್ರಬಂಧದಲ್ಲಿ ಇವರಿಬ್ಬರನ್ನು ಒಟ್ಟಿಗೆ ನಿಲ್ಲಿಸಲು ಯಾವ ಸಂಕೋಚವೂ ಬೇಡ.

ಕಾವೇರಿಯ ಕಥೆಯನ್ನು ಮಾತ್ರ ಜಾಗರೂಕತೆಯಿಂದ ಬಳಸಬೇಕು. ಸ್ಕಾಂದ ಪುರಾಣದ ಭಾಗವೆಂದು ಹೇಳಲಾಗುವ ಕಾವೇರಿ ಮಾಹಾತ್ಮ್ಯದಲ್ಲಿ ಕವೇರ ಮುನಿ, ಅಗಸ್ತ್ಯ, ಮತ್ಸ್ಯದೇಶದ ಚಂದ್ರವರ್ಮರು ಬರುತ್ತಾರೆ. ಬಲಮುರಿಯಲ್ಲಿ ನದಿ ರಭಸದಿಂದ ತಿರುಗಿದಾಗ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದವು, ಕೊಡವ ಹೆಂಗಸರು ಅಂದಿನಿಂದ ಹಾಗೆಯೇ ಉಡುತ್ತಾರೆ ಎಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಇದನ್ನು ಪುರಾಣದಿಂದ ಹುಟ್ಟಿದ ಉಡುಗೆ ಎಂದು ಬರೆಯುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ನಡೆದಿರಬಹುದಾದದ್ದು ಅದರ ತಿರುಗುಮುರುಗು: ಉಡುಗೆ ಮೊದಲೇ ಇತ್ತು, ಕಥೆ ಅದಕ್ಕೊಂದು ಕಾರಣ ಕೊಟ್ಟಿತು. ಪ್ರತಿಧ್ವನಿಗಳನ್ನು ಹುಡುಕುವಾಗ ಯಾವುದು ಮೊದಲು, ಯಾವುದು ಅನಂತರ ಎಂಬ ಪ್ರಶ್ನೆಯನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕು.

ಪ್ರಬಂಧಕ್ಕೆ ನನ್ನ ಸಲಹೆ ಇಷ್ಟು. ಇಡೀ ಮಧ್ಯಕಾಲವನ್ನು ಹೊತ್ತುಕೊಳ್ಳುವುದು ಬೇಡ, ಬಭ್ರುವಾಹನನ ಪ್ರಕರಣವೊಂದನ್ನೇ ಹಿಡಿಯಲಿ. ಗದ್ಯ ತಾತ್ಪರ್ಯವಿರುವ ಜೈಮಿನಿ ಭಾರತದ ಮುದ್ರಣಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ವಾರ್ಧಕದ ಪದ್ಯವನ್ನು ಕಣ್ಣಿನಿಂದ ಓದಿದರೆ ಸಂಧಿ ಸಮಾಸಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ವಾಚನ, ವ್ಯಾಖ್ಯಾನದ ಧ್ವನಿಮುದ್ರಣವನ್ನು ಕೇಳಿ, ಆಮೇಲೆ ಪುಸ್ತಕ ತೆರೆಯುವುದು ಒಳ್ಳೆಯದು. ಅದರ ಪಕ್ಕದಲ್ಲಿ ವ್ಯಾಸ ಭಾರತದ ಅಶ್ವಮೇಧ ಪರ್ವದ ಅದೇ ಭಾಗವನ್ನೂ ಪ್ರಸಂಗ ಪುಸ್ತಕವನ್ನೂ ಇಟ್ಟುಕೊಂಡು, ಯುದ್ಧಕ್ಕೆ ಕಾರಣ, ಶಾಪ, ವೃಷಕೇತು, ತಲೆಯ ಕಳವು, ಕೃಷ್ಣನ ಆಗಮನ ಈ ಐದು ಅಂಶಗಳನ್ನು ಮೂರರಲ್ಲಿಯೂ ಗುರುತು ಹಾಕಲಿ. ಕೊನೆಗೆ ನಿಮ್ಮೂರಿನ ಅರ್ಥಧಾರಿಗಳನ್ನೂ ಭಾಗವತರನ್ನೂ ಮಾತನಾಡಿಸಿ, ಯಾವ ಮಾತನ್ನು ಅವರು ಯಾವ ಪುಸ್ತಕದಿಂದ ಅಥವಾ ಯಾವ ಹಿರಿಯರ ಬಾಯಿಂದ ಪಡೆದರೆಂದು ಕೇಳಿ ಬರೆದುಕೊಳ್ಳಲಿ. ಆ ಭಾಗ ಯಾವ ಗ್ರಂಥಾಲಯದಲ್ಲಿಯೂ ಸಿಗುವುದಿಲ್ಲ, ಹಿರಿಯರನ್ನು ಕೇಳಲು ಮಳೆಗಾಲ ಮುಗಿಯಲೆಂದು ಕಾಯುವುದೂ ಬೇಡ.